ಕರೆಯುವವರು, ಓಗೊಡುವವರು: ‘ಸ್ವಿಂಗ್ ಲೋ’ ಹಾಡನ್ನು ನಿಮ್ಮ ಕ್ವಾಯರ್‌ಗೆ ಜೋಡಿಸುವುದು ಹೇಗೆ

ಹಾಡಿ ಮುಗಿಸಿದ ಮೇಲೆ ನಮ್ಮ ಕ್ವಾಯರ್ ಎಂಬ ಗಾಯನವೃಂದದ ಆಲ್ಟೊ ಸಾಲಿನ, ಅಂದರೆ ಹೆಂಗಸರ ಕೆಳದನಿಯ ಸಾಲಿನ, ಹಿರಿಯ ಹೆಂಗಸೊಬ್ಬರು ಕೈಯಲ್ಲಿದ್ದ ನೊಟೇಶನ್ ಹಾಳೆಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡರು. “ಚೆನ್ನಾಗಿದೆ ಮಗಾ, ಆದರೆ ಇದರಲ್ಲಿ ನಾನು ಓಗೊಡುವುದು ಎಲ್ಲಿ?” ಎಂದು ಕೇಳಿದರು.

ಆ ಹಾಳೆಯನ್ನು ನಾನು ಮೂರು ವಾರ ಕೂತು ಬರೆದಿದ್ದೆ. ಹೆಂಗಸರ ಮೇಲ್ದನಿಯಾದ ಸೊಪ್ರಾನೊಗೆ ಮುಖ್ಯ ರಾಗ, ಉಳಿದ ಮೂರು ದನಿಗಳಿಗೆ ಅದರ ಕೆಳಗೆ ಸ್ವರಗಳು, ಎಲ್ಲರ ಬಾಯಲ್ಲೂ ಒಂದೇ ಗಳಿಗೆಗೆ ಒಂದೇ ಪದ. ವ್ಯಾಕರಣದ ತಪ್ಪೇನೂ ಇರಲಿಲ್ಲ. ಆದರೆ ಅಮೆರಿಕದ ದಕ್ಷಿಣದ ಊರೊಂದರಲ್ಲಿ ಹುಟ್ಟಿ ಬೆಳೆದ ಆ ಹೆಂಗಸು ಈ ಹಾಡನ್ನು ಕಲಿತದ್ದು ಅಜ್ಜಿಯ ಪಕ್ಕ ಚರ್ಚಿನ ಬೆಂಚಿನ ಮೇಲೆ ಕೂತು. ಅಲ್ಲಿ ಒಬ್ಬರು ಹಾಡನ್ನು ಎತ್ತಿಕೊಳ್ಳುತ್ತಿದ್ದರು, ಉಳಿದವರೆಲ್ಲ ಓಗೊಡುತ್ತಿದ್ದರು. ನಾನು ಆ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದ್ದೆ.

ಸ್ಪಿರಿಚುವಲ್ ಎಂದು ಕರೆಯುವ ಆಫ್ರಿಕನ್ ಅಮೆರಿಕನ್ ಭಕ್ತಿಗೀತೆಯನ್ನು ಸಣ್ಣ ಹವ್ಯಾಸಿ ಕ್ವಾಯರ್‌ಗೆ ಹೊಂದಿಸಬೇಕೆನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಗುಂಪು ಅಟ್ಲಾಂಟಾದಲ್ಲಿರಲಿ, ಬೆಂಗಳೂರಿನಲ್ಲಿರಲಿ, ಕೆಲಸದ ಕ್ರಮ ಒಂದೇ. ಉದಾಹರಣೆಗೆ ‘ಸ್ವಿಂಗ್ ಲೋ, ಸ್ವೀಟ್ ಚಾರಿಯಟ್’ ಹಾಡನ್ನೇ ಹಿಡಿಯೋಣ. ಹದಿನೈದರಿಂದ ಇಪ್ಪತ್ತು ಜನ, ಅವರಲ್ಲಿ ಗಂಡಸರು ನಾಲ್ಕೈದೇ ಮಂದಿ, ಅರ್ಧದಷ್ಟು ಜನಕ್ಕೆ ನೊಟೇಶನ್ ಓದಲು ಬರುವುದಿಲ್ಲ ಎಂದಿಟ್ಟುಕೊಳ್ಳಿ. ಬಹುತೇಕ ಕ್ವಾಯರ್‌ಗಳು ಹೀಗೇ ಇರುತ್ತವೆ.

ಹಂತ 1: ಹಾಡು ಯಾರದು ಎಂಬುದನ್ನು ಮೊದಲು ಗುಂಪಿಗೆ ಹೇಳಿ

ಮೊದಲ ಅಭ್ಯಾಸದ ದಿನ ಹಾಡಿಸಬೇಡಿ. ಇಪ್ಪತ್ತು ನಿಮಿಷ ಕೂರಿಸಿ ಕಥೆ ಹೇಳಿ. ಇದನ್ನು ಬಿಟ್ಟು ಮುಂದೆ ಹೋದ ಕ್ವಾಯರ್‌ಗಳು ಈ ಹಾಡನ್ನು ಜೋಗುಳದ ಹಾಗೆ ಹಾಡುವುದನ್ನು ಕೇಳಿದ್ದೇನೆ.

ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದೇ ಕಾನೂನಿಗೆ ವಿರುದ್ಧವಾಗಿತ್ತು. ಪುಸ್ತಕವಿಲ್ಲದ ಆ ಜನ ರಾತ್ರಿ ಕಾಡಿನ ಮರೆಯಲ್ಲಿ, ತೋಟದ ಅಂಚಿನ ಗುಡಿಸಲುಗಳಲ್ಲಿ ಸೇರಿ ಪ್ರಾರ್ಥಿಸುತ್ತಿದ್ದರು. ಒಬ್ಬರು ಸಾಲು ಹಾಡಿ, ಉಳಿದವರು ಅದಕ್ಕೆ ಓಗೊಟ್ಟು, ಹಾಡು ಬಾಯಿಂದ ಬಾಯಿಗೆ ದಾಟಿತು. ಅಂತರ್ಯುದ್ಧ ಮುಗಿದ ಎರಡು ವರ್ಷಕ್ಕೆ, 1867ರಲ್ಲಿ, ವಿಲಿಯಂ ಫ್ರಾನ್ಸಿಸ್ ಆಲೆನ್, ಚಾರ್ಲ್ಸ್ ಪಿಕರ್ಡ್ ವೇರ್, ಲೂಸಿ ಮೆಕಿಮ್ ಗ್ಯಾರಿಸನ್ ಎಂಬ ಮೂವರು ಗುಲಾಮರ ಹಾಡುಗಳ ಮೊದಲ ಸಂಗ್ರಹವನ್ನು ಅಚ್ಚು ಹಾಕಿಸಿದರು. ಸೌತ್ ಕೆರೊಲಿನಾದ ಕಡಲ ದ್ವೀಪಗಳಲ್ಲಿ ಕೇಳಿ ಬರೆದುಕೊಂಡ ಹಾಡುಗಳು ಅದರಲ್ಲಿ ಬಹಳಷ್ಟಿವೆ. ಅದರ ಮುನ್ನುಡಿಯ ಒಂದು ಮಾತು ಈ ಕೆಲಸಕ್ಕೆಲ್ಲ ಬೀಗದಕೈ ಇದ್ದಂತೆ. ಆ ಜನ ನಮಗೆ ಗೊತ್ತಿರುವ ರೀತಿಯಲ್ಲಿ ದನಿಗಳನ್ನು ಹಂಚಿಕೊಂಡು ಹಾಡುವುದಿಲ್ಲ, ಆದರೂ ಯಾವ ಇಬ್ಬರೂ ಒಂದೇ ಥರ ಹಾಡುತ್ತಿದ್ದಾರೆ ಅನ್ನಿಸುವುದಿಲ್ಲ ಎಂದು ಅಲ್ಲಿ ಬರೆದಿದೆ. ಮುಂದೆ ನಿಂತವರು ಸಾಲು ಎತ್ತುತ್ತಾರೆ, ಎಷ್ಟೋ ಸಲ ಆಗಲೇ ಕಟ್ಟಿಕೊಂಡು. ಉಳಿದವರು ಅವರಿಗೆ ‘ಬೇಸ್’ ಕೊಡುತ್ತಾರೆ. ‘ಬೇಸ್’ ಎಂಬುದು ಆ ಹಾಡುಗಾರರದೇ ಮಾತು. ನಮ್ಮ ಭಜನೆಯಲ್ಲಿ, ಸೋಬಾನೆ ಪದದಲ್ಲಿ ಹಿಂದೆ ನಿಂತವರು ಸೊಲ್ಲು ಹಿಡಿಯುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಹಾಡು ಮಾತ್ರ ಕಡಲ ದ್ವೀಪಗಳದ್ದಲ್ಲ. ಈಗಿನ ಓಕ್ಲಹೋಮಾದಲ್ಲಿದ್ದ ಚಾಕ್ಟಾ ಮೂಲನಿವಾಸಿಗಳ ನಾಡಿನಲ್ಲಿ ಗುಲಾಮರಾಗಿದ್ದ ವಾಲೆಸ್ ವಿಲಿಸ್ ಇದನ್ನು ಕಟ್ಟಿದರು, ಸ್ಪೆನ್ಸರ್ ಅಕಾಡೆಮಿ ಎಂಬ ಶಾಲೆಯ ಪಾದ್ರಿ ಅಲೆಕ್ಸಾಂಡರ್ ರೀಡ್ ಅವರ ಬಾಯಿಂದ ಕೇಳಿ ಉಳಿಸಿಕೊಂಡರು ಎಂಬ ನಿರೂಪಣೆಯೇ ಹೆಚ್ಚು ಒಪ್ಪಿತವಾದದ್ದು. ಅಲ್ಲಿಂದ ಹಾಡು ತಲುಪಿದ್ದು ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನ ಫಿಸ್ಕ್ ಶಾಲೆಯ ಮಕ್ಕಳನ್ನು.

ಬಿಡುಗಡೆಯಾದವರ ಓದಿಗಾಗಿ 1866ರಲ್ಲಿ ಸೈನಿಕ ಆಸ್ಪತ್ರೆಯ ಹಳೆಯ ಕಟ್ಟಡಗಳಲ್ಲಿ ಶುರುವಾದ ಶಾಲೆ ಅದು. ಐದು ವರ್ಷಕ್ಕೆ ದುಡ್ಡಿಲ್ಲದೆ ಮುಚ್ಚುವ ಹಂತಕ್ಕೆ ಬಂತು. ಖಜಾಂಚಿಯೂ ಸಂಗೀತದ ಮೇಷ್ಟ್ರೂ ಆಗಿದ್ದ ಜಾರ್ಜ್ ವೈಟ್ 1871ರ ಅಕ್ಟೋಬರ್ 6ರಂದು ಒಂಬತ್ತು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಾಡಿ ಹಣ ಕೂಡಿಸಲು ಹೊರಟರು. ಪಿಯಾನೊ ನುಡಿಸುತ್ತಿದ್ದ ಎಲಾ ಶೆಪರ್ಡ್‌ಗೆ ಆಗ ಇಪ್ಪತ್ತು ವರ್ಷ. ಮೊದಮೊದಲು ಇವರು ಸಭೆಗಳಲ್ಲಿ ಹಾಡುತ್ತಿದ್ದದ್ದು ಬಿಳಿಯರಿಗೆ ಪರಿಚಿತವಾದ ಗೀತೆಗಳನ್ನು. ತಂದೆತಾಯಿಯರ ಹಾಡುಗಳನ್ನು ತಮ್ಮತಮ್ಮಲ್ಲೇ, ಬಾಗಿಲು ಹಾಕಿಕೊಂಡು ಹಾಡುತ್ತಿದ್ದರು. ಅವು ಗುಲಾಮಗಿರಿಯ ಕತ್ತಲಿಗೆ ಸೇರಿದವು, ಅವರಿಗೆ ಪವಿತ್ರವಾದವು. ಅವನ್ನು ಪರರ ಮುಂದೆ ಬಿಚ್ಚಲು ಮನಸ್ಸು ಒಪ್ಪುತ್ತಿರಲಿಲ್ಲ. ಅದೇ ನವೆಂಬರ್‌ನಲ್ಲಿ ಒಹಾಯೊದ ಓಬರ್ಲಿನ್‌ನಲ್ಲಿ ಪಾದ್ರಿಗಳ ಸಭೆಯೊಂದರಲ್ಲಿ ಅಂಥದೊಂದು ಹಾಡು ಮೆಲ್ಲಗೆ ಎತ್ತಿದಾಗ ಇಡೀ ಸಭೆ ಮಾತು ನಿಲ್ಲಿಸಿ ಕೇಳಿತು. ಅಲ್ಲಿಂದ ದಾರಿ ಬದಲಾಯಿತು. ಅವರು ಕೂಡಿಸಿದ ಹಣದಿಂದ ಕಟ್ಟಿದ ಜುಬಿಲಿ ಹಾಲ್ 1876ರ ಜನವರಿ 1ರಂದು ತೆರೆಯಿತು, ಇಂದಿಗೂ ನಿಂತಿದೆ. ತಂಡದ ಫ್ರೆಡರಿಕ್ ಲೌಡಿನ್ ಮುಂದೆ 1884ರಿಂದ 1890ರವರೆಗೆ ನಡೆಸಿದ ಲೋಕಸಂಚಾರದಲ್ಲಿ ಈ ಹಾಡುಗಳು ಭಾರತಕ್ಕೂ ಬಂದಿದ್ದವು.

ಬಾಗಿಲು ಹಾಕಿಕೊಂಡು ಹಾಡುತ್ತಿದ್ದದ್ದು ವೇದಿಕೆಗೆ ಬರಲು ಆ ಮಕ್ಕಳು ಎಷ್ಟು ತೂಗಿ ನೋಡಿರಬೇಕು ಎಂಬುದನ್ನು ಗುಂಪು ಒಮ್ಮೆ ಯೋಚಿಸಲಿ. ಹಾಳೆ ಹಂಚುವುದು ಆಮೇಲೆ.

ಹಂತ 2: ಅರ್ಥ ಬಿಡಿಸಿ

ಚಾರಿಯಟ್ ಎಂದರೆ ರಥ. ಬೈಬಲ್ಲಿನಲ್ಲಿ ಪ್ರವಾದಿ ಎಲೀಯ ಜೋರ್ಡನ್ ನದಿ ದಾಟಿದ ಮೇಲೆ ಬೆಂಕಿಯ ರಥ ಕಾಣಿಸಿಕೊಂಡು, ಅವನು ಸುಂಟರಗಾಳಿಯಲ್ಲಿ ಮೇಲಕ್ಕೆ ಹೋಗುತ್ತಾನೆ. ‘ಕೆಳಗಿಳಿದು ಬಾ, ನನ್ನನ್ನು ಮನೆಗೆ ಒಯ್ಯಲು ಬಾ’ ಎಂದು ಹಾಡು ಆ ರಥವನ್ನು ಕರೆಯುತ್ತದೆ. ಮನೆ ಎಂದರೆ ಸ್ವರ್ಗ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ತಾವು ಹಾಡುತ್ತಿದ್ದ ಹಾಡಿನಲ್ಲಿ ಕಾನಾನ್, ಅಂದರೆ ಬೈಬಲ್ಲಿನಲ್ಲಿ ದೇವರು ಮಾತುಕೊಟ್ಟ ನಾಡು, ಎಂದರೆ ಗುಲಾಮಗಿರಿಯಿಲ್ಲದ ಉತ್ತರದ ನಾಡೂ ಆಗಿತ್ತು ಎಂದು 1855ರಲ್ಲಿ ಬರೆದಿದ್ದಾರೆ. ಎರಡು ಅರ್ಥವೂ ಒಂದೇ ಉಸಿರಿನಲ್ಲಿ ಇರುತ್ತಿದ್ದವು. ಆದರೆ ಈ ಹಾಡು ಓಡಿಹೋಗುವವರಿಗೆ ಗುಪ್ತ ಸಂಕೇತವಾಗಿತ್ತು ಎಂದು ಕಾರ್ಯಕ್ರಮದ ಪತ್ರಿಕೆಯಲ್ಲಿ ಬರೆಯಬೇಡಿ. ಆ ಮಾತು ಬಹಳ ಹಬ್ಬಿದೆ, ಆ ಕಾಲದ ದಾಖಲೆ ಮಾತ್ರ ಅದನ್ನು ಹಿಡಿದು ನಿಲ್ಲಿಸುವುದಿಲ್ಲ.

ಡಗ್ಲಸ್ ಅವರ ಇನ್ನೊಂದು ಮಾತು, 1845ರದ್ದು, ನಿಮ್ಮ ಗುಂಪಿಗೆ ಇನ್ನೂ ಮುಖ್ಯ. ಗುಲಾಮರು ಹಾಡುವುದನ್ನು ಕೇಳಿ ಅವರು ಸಂತೋಷವಾಗಿದ್ದಾರೆ ಎಂದುಕೊಂಡವರನ್ನು ಕಂಡು ಅವರು ದಿಗ್ಭ್ರಮೆಗೊಂಡಿದ್ದರು. ಗುಲಾಮ ಹೆಚ್ಚು ಹಾಡುವುದು ಹೆಚ್ಚು ದುಃಖವಿದ್ದಾಗ. ಇಂಗ್ಲೆಂಡಿನ ರಗ್ಬಿ ಪ್ರೇಕ್ಷಕರು 1980ರ ದಶಕದ ಕೊನೆಯಿಂದ ಇದೇ ಹಾಡನ್ನು ಕ್ರೀಡಾಂಗಣದಲ್ಲಿ ಅಬ್ಬರಿಸಿ ಹಾಡುತ್ತ ಬಂದಿದ್ದಾರೆ. ನಿಮ್ಮವರಲ್ಲಿ ಯಾರಾದರೂ ಅದನ್ನು ಟಿವಿಯಲ್ಲಿ ಕೇಳಿದ್ದರೆ, ಆ ಧಾಟಿಯನ್ನು ಮರೆಯಲು ಹೇಳಿ.

ಹಂತ 3: ಮೂಲ ಹುಡುಕಿ, ಕೇಳಿಸಿ

ಫಿಸ್ಕ್‌ನ ನಾಲ್ವರು ಗಂಡಸರ ತಂಡ 1909ರಲ್ಲಿ ಈ ಹಾಡನ್ನು ಧ್ವನಿಮುದ್ರಿಸಿದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮೂರು ಸಲ ಕೇಳಿಸಿ. ಮೊದಲ ಸಲ ಸುಮ್ಮನೆ. ಎರಡನೆಯ ಸಲ ಉಸಿರು ಎಲ್ಲಿ ತೆಗೆಯುತ್ತಾರೆ ಎಂದು ಗಮನಿಸಲು. ಮೂರನೆಯ ಸಲ, ಮೇಲಿನ ದನಿಯನ್ನು ಬಿಟ್ಟು ಕೆಳಗಿನ ದನಿಯನ್ನೇ ಹಿಂಬಾಲಿಸಲು.

ನೊಟೇಶನ್‌ಗೆ 1872ರಲ್ಲಿ ಥಿಯೊಡರ್ ಸೀವರ್ಡ್ ಫಿಸ್ಕ್ ಶಾಲೆಯ ಆ ಮಕ್ಕಳಿಂದ, ಅಂದರೆ ಜುಬಿಲಿ ತಂಡದಿಂದ, ಕೇಳಿ ಬರೆದ ಸಂಗ್ರಹ ಸಾಕು. ಅದಕ್ಕೆ ಹಕ್ಕುಸ್ವಾಮ್ಯ ಇಲ್ಲ. ಹಾಡು ಹಳೆಯದೆಂದು ಎಲ್ಲ ಅರೇಂಜ್‌ಮೆಂಟೂ ಹಳೆಯದಲ್ಲ. 2003ರಲ್ಲಿ ತೀರಿಕೊಂಡ ನ್ಯೂ ಆರ್ಲಿಯನ್ಸ್‌ನ ಮೋಸಸ್ ಹೋಗನ್ ಅವರ ಜೋಡಣೆಗಳಿಗೆ ಹಕ್ಕುದಾರರಿದ್ದಾರೆ. ಅವು ಬೇಕಾದರೆ ಹಾಡುವವರ ಸಂಖ್ಯೆಗೆ ತಕ್ಕಷ್ಟು ಪ್ರತಿ ಕೊಳ್ಳಿ, ಒಂದನ್ನು ಕೊಂಡು ಇಪ್ಪತ್ತು ಜೆರಾಕ್ಸ್ ತೆಗೆಯಬೇಡಿ. ದೊಡ್ಡವರ ಜೋಡಣೆಗಳನ್ನು ಕೇಳಿ ಕಲಿಯುವುದಕ್ಕೆ ಮಾತ್ರ ಮಿತಿಯಿಲ್ಲ. ಕುರುಡ ಅಜ್ಜನ ಬಾಯಿಂದ ಈ ಹಾಡುಗಳನ್ನು ಕಲಿತು ನ್ಯೂಯಾರ್ಕಿನಲ್ಲಿ ಚೆಕ್ ಸಂಗೀತ ರಚನೆಕಾರ ಡ್ವೊರ್ಝಾಕ್‌ಗೆ ಹಾಡಿ ತೋರಿಸಿದ ಹ್ಯಾರಿ ಬರ್ಲೆ, 1925ರಲ್ಲಿ ತಮ್ಮದೇ ಕ್ವಾಯರ್ ಕಟ್ಟಿದ ಹಾಲ್ ಜಾನ್ಸನ್, ಟಸ್ಕೀಗೀ ವಿದ್ಯಾಸಂಸ್ಥೆಯ ಕ್ವಾಯರ್ ನಡೆಸಿದ ವಿಲಿಯಂ ಡಾಸನ್, ಇವರ ಕೆಲಸವನ್ನು ಒಂದರ ಪಕ್ಕ ಒಂದಿಟ್ಟು ಕೇಳಿ. ಕ್ಲೀವ್‌ಲ್ಯಾಂಡಿನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ 1935ರಲ್ಲಿ ಹುಟ್ಟಿ ರೇಡಿಯೊ ಮೂಲಕ ದೇಶಕ್ಕೆಲ್ಲ ಕೇಳಿಸಿದ ‘ವಿಂಗ್ಸ್ ಓವರ್ ಜೋರ್ಡನ್’ ಕ್ವಾಯರ್ ನನಗೆ ಇವೆಲ್ಲಕ್ಕಿಂತ ಹತ್ತಿರ. ಅದರಲ್ಲಿ ಸಭಾಂಗಣದ ನುಣುಪಿಗಿಂತ ನೆರೆಹೊರೆಯವರ ದನಿ ಕೇಳಿಸುತ್ತದೆ.

ಹಂತ 4: ಎರಡು ವಾರ ಕಾಗದವಿಲ್ಲದೆ ಹಾಡಿಸಿ

ಇದೇ ಈ ಕೆಲಸದ ಹೃದಯ. ನಿಧಾನವಾಗಿ ಹೇಳುತ್ತೇನೆ.

ಹಾಡಿನ ರಚನೆ ನೋಡಿ. ಪ್ರತಿ ಭಾಗದಲ್ಲೂ ನಾಲ್ಕು ಸಾಲು. ಒಂದನೆಯದು, ಮೂರನೆಯದು ಕರೆ. ಎರಡನೆಯದು, ನಾಲ್ಕನೆಯದು ಓಗೊಡುವುದು, ಮಾತು ಯಾವಾಗಲೂ ಒಂದೇ: ‘ಕಮಿಂಗ್ ಫಾರ್ ಟು ಕ್ಯಾರಿ ಮಿ ಹೋಮ್’. ಹಾಡನ್ನು ಮೊದಲ ಸಲ ಕೇಳುವವರೂ ಎರಡನೆಯ ಸಲ ಆ ಸಾಲು ಬರುವಷ್ಟರಲ್ಲಿ ಸೇರಿಕೊಳ್ಳಬಹುದು. ಪುಸ್ತಕವಿಲ್ಲದ ಜನ ಕಟ್ಟಿದ ಹಾಡು ಹೀಗೇ ಇರಬೇಕಾಗುತ್ತದೆ.

ಸ್ವರಗಳೂ ಇದೇ ಮಾತನ್ನು ಹೇಳುತ್ತವೆ. ಹಾಡಿನಲ್ಲಿರುವುದು ಐದೇ ಸ್ವರ, ಸ ರಿ ಗ ಪ ದ, ನಮ್ಮ ಮೋಹನದವೇ. ಕರೆ ಶುರುವಾಗುವುದು ಗಾಂಧಾರದಲ್ಲಿ. ಗ ಸ, ಗ ಸ ಸ ಎಂದು ಇಳಿದು ಮಂದ್ರದ ದ ಪ ಮುಟ್ಟುತ್ತದೆ, ರಥ ಕೆಳಗಿಳಿಯುವ ಹಾಗೆ. ಮೊದಲ ಸಲ ಓಗೊಡುವ ಸಾಲು ಷಡ್ಜದಲ್ಲಿ ಕಾಲೂರಿ, ಗಾಂಧಾರ ಹತ್ತಿ, ‘ಹೋಮ್’ ಬರುವಾಗ ಮೇಲಿನ ಪಂಚಮದಲ್ಲಿ ನಿಲ್ಲುತ್ತದೆ. ಒಬ್ಬರು ಇಳಿಯುತ್ತಾರೆ, ಊರೆಲ್ಲ ಹತ್ತುತ್ತದೆ. ಇದನ್ನು ಒಮ್ಮೆ ಕಂಡವರಿಗೆ ಎಲ್ಲರನ್ನೂ ಒಟ್ಟಿಗೆ ಹಾಡಿಸಲು ಕೈ ಬರುವುದಿಲ್ಲ.

ಕರ್ನಾಟಕ ಸಂಗೀತ ಕಲಿತವರಿಗೆ ಒಂದು ಎಚ್ಚರಿಕೆ: ಸ್ವರಗಳು ಮೋಹನದವು, ಹಾಡು ಮೋಹನ ರಾಗದ್ದಲ್ಲ. ಗಾಂಧಾರಕ್ಕೆ ಗಮಕ ಹಾಕಬೇಡಿ. ಕೆಳಗಿಂದ ಜಾರಿ ಬಂದು ಮುಟ್ಟಬಹುದು, ಅದು ಈ ಪರಂಪರೆಯಲ್ಲೇ ಇದೆ. ಅಲುಗಾಡಿಸಿದರೆ ಬೇರೆ ಹಾಡಾಗುತ್ತದೆ.

ಈಗ ಅಭ್ಯಾಸ. ಎಲ್ಲರೂ ವೃತ್ತವಾಗಿ ನಿಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣಲಿ. ಕರೆಯುವವರನ್ನು ಆರಿಸಿ. ಗುಂಪಿನಲ್ಲಿ ಅತಿ ಇಂಪಾದ ದನಿಯವರೇ ಆಗಬೇಕಿಲ್ಲ, ಯಾರು ಕರೆದರೆ ಓಗೊಡಬೇಕು ಅನ್ನಿಸುತ್ತದೋ ಅವರಾಗಲಿ. ಅವರು ಕರೆಯನ್ನು ಮುಗಿಸುವ ಮೊದಲೇ, ಕೊನೆಯ ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಗುಂಪು ಶುರು ಮಾಡಲಿ. ಸಭ್ಯವಾಗಿ ಕಾಯುತ್ತ ನಿಂತರೆ ಹಾಡು ಸಾಯುತ್ತದೆ.

ಮೊದಲ ವಾರ ಎಲ್ಲರೂ ಮುಖ್ಯ ರಾಗವನ್ನೇ ಒಟ್ಟಿಗೆ ಹಾಡಿ ಓಗೊಡಲಿ. ಎರಡನೆಯ ವಾರ ಹೀಗೆ ಹೇಳಿ: “ಈ ಐದು ಸ್ವರಗಳಲ್ಲಿ ನಿಮಗೆ ಹಿತವೆನಿಸಿದ್ದನ್ನು ಹಿಡಿದು ಓಗೊಡಿ.” ಐದು ಸ್ವರಗಳ ನಡುವೆ ಎಲ್ಲೂ ಅರ್ಧ ಸ್ವರದ ಅಂತರವಿಲ್ಲ, ಹಾಗಾಗಿ ಯಾರು ಏನು ಹಿಡಿದರೂ ಕಿವಿಗೆ ಚುಚ್ಚುವುದಿಲ್ಲ. ಕೆಲವರು ಷಡ್ಜದಲ್ಲೇ ಕೂರುತ್ತಾರೆ, ಒಬ್ಬರು ಮೇಲೆ ಧೈವತಕ್ಕೆ ಹೋಗಿ ಇಳಿಯುತ್ತಾರೆ. 1867ರ ಮುನ್ನುಡಿಯಲ್ಲಿ ಹೇಳಿದ್ದ ‘ಬೇಸ್’ ನಿಮ್ಮ ಕೋಣೆಯಲ್ಲೇ ಹುಟ್ಟುವುದನ್ನು ಕೇಳುತ್ತೀರಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಫೋನ್ ವೃತ್ತದ ನಡುವೆ ಕುರ್ಚಿಯ ಮೇಲಿರಲಿ. ನಿಮ್ಮ ಅರೇಂಜ್‌ಮೆಂಟ್ ಬರೆಯುವುದು ಈ ರೆಕಾರ್ಡಿಂಗ್‌ನಿಂದ.

ಹಂತ 5: ಶ್ರುತಿ, ದನಿಗಳು

ಷಡ್ಜವನ್ನು ಹಾರ್ಮೋನಿಯಂನ ಬಿಳಿ 4ಕ್ಕೆ, ಅಂದರೆ ಎಫ್‌ಗೆ ಇಡಿ. ಮಂದ್ರ ಪಂಚಮ ಸಿ ಆಗುತ್ತದೆ, ಸೊಪ್ರಾನೊಗಳಿಗೂ ಸಿಗುತ್ತದೆ. ಬಿಳಿ 2ಕ್ಕೆ ಇಳಿಸಿದರೆ ಹೆಂಗಸರಿಗೆ ಕರೆಯ ಕೊನೆ ಗಂಟಲಲ್ಲೇ ಹೂತುಹೋಗುತ್ತದೆ.

ನಾಲ್ಕು ದನಿ ಬೇಡ. ಐವರು ಗಂಡಸರನ್ನು ಟೆನರ್ (ಮೇಲ್ದನಿ), ಬಾಸ್ (ಕೆಳದನಿ) ಎಂದು ಒಡೆದರೆ ಎರಡೂ ಕಡೆ ಭಯವೇ ಉಳಿಯುತ್ತದೆ. ಸೊಪ್ರಾನೊ, ಆಲ್ಟೊ, ಗಂಡಸರು, ಹೀಗೆ ಮೂರೇ ಸಾಲು ಮಾಡಿ.

ಹಂತ 6: ಈಗ ಬರೆಯಿರಿ

ಮೂರು ಚರಣ, ನಾಲ್ಕು ಸಲ ಪಲ್ಲವಿ. ಒಂದೊಂದಕ್ಕೆ ನಾಲ್ಕೆಣಿಕೆಯ ಎಂಟೆಂಟು ಬಾರ್, ಒಟ್ಟು 56. ಮೆಟ್ರೊನೋಮ್‌ನಲ್ಲಿ ನಿಮಿಷಕ್ಕೆ 60 ಇಟ್ಟರೆ ಮೂರು ಮುಕ್ಕಾಲು ನಿಮಿಷ. ಅಷ್ಟು ಹೊತ್ತು ಒಂದೇ ದಟ್ಟಣೆ ಇದ್ದರೆ ಕೇಳುವವರು ದಣಿಯುತ್ತಾರೆ, ಹಾಗಾಗಿ ದನಿಗಳನ್ನು ಒಂದೊಂದಾಗಿ ಕೂಡಿಸುತ್ತ ಹೋಗಬೇಕು.

ಮೊದಲ ಪಲ್ಲವಿಯಲ್ಲಿ ಕರೆಯುವವರು ಒಬ್ಬರೇ, ಓಗೊಡುವುದು ಎಲ್ಲರೂ ಒಟ್ಟಿಗೆ, ಮುಖ್ಯ ರಾಗದಲ್ಲೇ. ಯಾವ ಅಲಂಕಾರವೂ ಇಲ್ಲ, ಪಿಯಾನೊ ಇಲ್ಲ. ಮೊದಲ ಚರಣಕ್ಕೆ ಗಂಡಸರು ಬಾಯಿ ಮುಚ್ಚಿ ಷಡ್ಜ ಪಂಚಮ ಗುನುಗಲಿ, ತಂಬೂರಿ ಮೀಟಿದ ಹಾಗೆ. ಎರಡನೆಯ ಪಲ್ಲವಿಗೆ ನಿಮ್ಮ ರೆಕಾರ್ಡಿಂಗ್‌ನಿಂದ ಆರಿಸಿದ ‘ಬೇಸ್’ ಸಾಲುಗಳು ಬರಲಿ. ಯಾರು ಕಂಡುಕೊಂಡರೋ ಅವರ ದನಿಗೇ ಆ ಸಾಲು ಕೊಡಿ.

ಮಧ್ಯಮ, ನಿಷಾದ ಎರಡನ್ನೂ ಇಲ್ಲಿಯವರೆಗೆ ಬಚ್ಚಿಟ್ಟಿರಬೇಕು. ಹಾಡಿನಲ್ಲಿ ಅವು ಇಲ್ಲ, ಹಾರ್ಮನಿ, ಅಂದರೆ ದನಿಗಳು ಬೇರೆಬೇರೆ ಸ್ವರ ಕೂಡಿ ಹಾಡುವುದು, ತರುವ ಹೊಸ ಸ್ವರಗಳು ಅವು. ಎರಡನೆಯ ಚರಣ ಮುಗಿದು ಮೂರನೆಯ ಪಲ್ಲವಿ ಬಂದಾಗ, ‘ಚಾರಿಯಟ್’ ಪದದಲ್ಲಿ ಮುಖ್ಯ ರಾಗ ಸ ದಾಟಿ ದಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ ಗಂಡಸರು ಮಧ್ಯಮಕ್ಕೆ ಹೋಗಲಿ. ಮ ದ ಸ ಮೂರೂ ಕೂಡಿ ನೆಲವೇ ಸ್ವಲ್ಪ ಸರಿದಂತಾಗುತ್ತದೆ. ಮುಂದಿನ ಸಾಲಿನ ‘ಹೋಮ್’ನಲ್ಲಿ ಆಲ್ಟೊಗೆ ನಿಷಾದ ಕೊಡಿ, ಅದು ಮತ್ತೆ ಷಡ್ಜಕ್ಕಾಗಿ ಹಾತೊರೆಯುತ್ತದೆ. ಈ ಎರಡು ಸ್ವರಗಳನ್ನು ಮೊದಲ ಬಾರ್‌ನಿಂದಲೇ ಸುರಿದರೆ ಹಾಡು ಸಾಧಾರಣ ಪ್ರಾರ್ಥನಾಗೀತೆಯಂತೆ ಕೇಳುತ್ತದೆ. ನನ್ನ ಮೊದಲ ಹಾಳೆಯ ದೊಡ್ಡ ತಪ್ಪು ಇದೇ ಆಗಿತ್ತು.

ಇನ್ನೊಂದು ಸಣ್ಣ ವಿಷಯ. ಸೊಪ್ರಾನೊಗಳು ಮಂದ್ರ ಪಂಚಮಕ್ಕೆ ಇಳಿಯುವ ಕಡೆ ಆಲ್ಟೊಗಳನ್ನು ಅವರಿಗಿಂತ ಕೆಳಗೆ ತಳ್ಳಬೇಡಿ, ಮೇಲೆ ಷಡ್ಜದಲ್ಲೋ ಗಾಂಧಾರದಲ್ಲೋ ಇಡಿ. ದನಿಗಳು ಒಂದನ್ನೊಂದು ದಾಟಿದರೆ ಪಠ್ಯಪುಸ್ತಕ ಒಪ್ಪದಿರಬಹುದು, ಈ ಹಾಡು ಒಪ್ಪುತ್ತದೆ.

ಮೂರನೆಯ ಚರಣವನ್ನು ಬೇರೆಯವರು ಕರೆಯಲಿ. ಕೊನೆಯ ಪಲ್ಲವಿ ಎಲ್ಲಕ್ಕಿಂತ ಮೆಲ್ಲಗಿರಲಿ.

ಹಂತ 7: ಉಚ್ಚಾರ, ಚಪ್ಪಾಳೆ

ಕನ್ನಡದ ಬಾಯಿಗೆ ಇಲ್ಲೊಂದು ಅನುಕೂಲವಿದೆ. ನಮ್ಮ ‘ಓ’ ಶುದ್ಧ, ಕೊನೆಯಲ್ಲಿ ‘ಉ’ ಕಡೆಗೆ ಜಾರುವುದಿಲ್ಲ. ‘ಲೋ’, ‘ಹೋಮ್’ ಎರಡರಲ್ಲೂ ಕ್ವಾಯರ್‌ಗೆ ಬೇಕಾದದ್ದು ಅದೇ. ‘ಸ್ವಿಂಗ್’, ‘ಸ್ವೀಟ್’ ಎನ್ನುವಾಗ ಮಾತ್ರ ತುಟಿ ದುಂಡಗಾಗಬೇಕು, ಹಲ್ಲು ಕೆಳತುಟಿಗೆ ತಗುಲಬಾರದು. ‘ಹೋಮ್’ನ ಮಕಾರಕ್ಕೆ ಬೇಗ ಬಾಯಿ ಮುಚ್ಚಬೇಡಿ, ಕೈ ಸನ್ನೆಗೆ ಎಲ್ಲರೂ ಒಟ್ಟಿಗೆ ಮುಚ್ಚಿ. ಗುಲಾಮರ ಆಡುಮಾತನ್ನು ಅನುಕರಿಸಲು ಹೋಗಬೇಡಿ. ‘ಕಮಿಂಗ್ ಫಾರ್ ಟು’ ಎಂಬ ಹಳೆಯ ಪದಜೋಡಣೆಯನ್ನು ಇದ್ದ ಹಾಗೇ ಇಡಿ, ತಿದ್ದಬೇಡಿ, ನಿಮ್ಮ ದನಿಯಲ್ಲೇ ಹಾಡಿ.

ಚಪ್ಪಾಳೆ ಈ ಹಾಡಿಗೆ ಬೇಡ. ವೇಗದ ಬೇರೆ ಸ್ಪಿರಿಚುವಲ್ ಹಾಡುವಾಗ ಚಪ್ಪಾಳೆ ಎರಡನೆಯ, ನಾಲ್ಕನೆಯ ಎಣಿಕೆಗೆ ಬೀಳಬೇಕು. ಇಲ್ಲಿ ಪಾದದಿಂದ ಪಾದಕ್ಕೆ ಮೈಭಾರ ಬದಲಿಸಿದರೆ ಸಾಕು.

ಹಂತ 8: ಹೆಸರು ಹಾಕುವುದು

ಕಾರ್ಯಕ್ರಮದ ಪತ್ರಿಕೆಯಲ್ಲಿ ‘ಸಾಂಪ್ರದಾಯಿಕ’ ಎಂದಷ್ಟೇ ಹಾಕಿ ಬಿಡಬೇಡಿ. ‘ಆಫ್ರಿಕನ್ ಅಮೆರಿಕನ್ ಸ್ಪಿರಿಚುವಲ್, ವಾಲೆಸ್ ವಿಲಿಸ್ ಅವರದೆಂದು ಪರಂಪರೆ’ ಎಂದು ಬರೆಯಿರಿ, ಕೆಳಗೆ ನಿಮ್ಮ ಗುಂಪಿನ ಹೆಸರು ಹಾಕಿ. ಟಿಕೆಟ್ ಇಟ್ಟಿದ್ದರೆ ದುಡ್ಡಿನ ಮಾತೂ ಯೋಚಿಸಿ. ಮ್ಯಾಸಚುಸೆಟ್ಸ್‌ನ ಬ್ರೂಕ್‌ಲೈನ್‌ನ ಒಂದು ಚರ್ಚ್ 2021ರಿಂದ ಸ್ಪಿರಿಚುವಲ್ ಹಾಡಿದಾಗಲೆಲ್ಲ ಕಾಣಿಕೆ ಎತ್ತಿ, ಕಪ್ಪು ಜನರ ಸಂಗೀತ ಪರಂಪರೆಯನ್ನು ಮಕ್ಕಳಿಗೆ ಕಲಿಸುವ ಸಂಸ್ಥೆಗೆ ಗೌರವಧನವಾಗಿ ಕೊಡುತ್ತದೆ. ಹಾಡು ಕಟ್ಟಿದವರಿಗೆ ಬದುಕಿದ್ದಾಗ ಬಿಡಿಗಾಸೂ ಸಿಗಲಿಲ್ಲ ಎಂಬುದು ಅವರ ಲೆಕ್ಕ. ಸಣ್ಣ ಗುಂಪುಗಳೂ ಇದನ್ನು ಮಾಡಬಹುದು.

ಹಾಳೆಯನ್ನು ಅಂತಿಮ ಮಾಡುವಾಗ ಒಂದು ಕೆಲಸ ಬಾಕಿ ಇರುತ್ತದೆ. ಮೂರನೆಯ ಚರಣದ ಕರೆಯ ಜಾಗದಲ್ಲಿ ನಾನು ಸ್ವರಗಳನ್ನು ಬರೆದಿಲ್ಲ. ಖಾಲಿ ಬಾರ್‌ಗಳನ್ನು ಬಿಟ್ಟು, ಮೇಲೆ ‘ಕರೆಯುವವರ ಇಷ್ಟದಂತೆ’ ಎಂದು ಮಾತ್ರ ಹಾಕಿದ್ದೇನೆ. ಕೆಳಗಿನ ಸಾಲಿನಲ್ಲಿ ಆಲ್ಟೊಗಳಿಗೆ ಅರ್ಧ ಎಣಿಕೆ ಮೊದಲೇ ಓಗೊಡುವ ಗುರುತು ಇದೆ. ಆ ಹಿರಿಯ ಹೆಂಗಸು ಈಗ ಆ ಹಾಳೆಯನ್ನು ಕುರ್ಚಿಯ ಮೇಲೆ ಬಿಟ್ಟು ಬಂದೇ ಹಾಡುತ್ತಾರೆ.